ರಕ್ತಕ್ಕೆ ಬೇಡವಾದವರು

1976ರ ಜೂನ್ 12, ಶನಿವಾರ. ಮೋಡವಿತ್ತು, ಗಾಳಿಯಿತ್ತು, ಮಳೆ ಬರಲಿಲ್ಲ. ಸವದತ್ತಿಯ ನಮ್ಮ ಮನೆಯಲ್ಲಿ ಹೊಟ್ಟೆಕಿಚ್ಚಿಗೆ ದೊಡ್ಡ ಕಾರಣವೇನೂ ಬೇಕಾಗುವುದಿಲ್ಲ. ಅಂದು ಒಂದು ಸೂಜಿ ಸಾಕಾಯಿತು.

ನನ್ನ ಹೆಂಡತಿಗೆ ಲೂಪಸ್ ಎಂಬ ಬೇನೆ. ಮೈಯ ಕಾವಲುಗಾರರೇ ಮನೆಯವರನ್ನು ಬಡಿಯುವ ರೋಗ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಆ ಕಾವಲುಗಾರರ ಗುರುತು ಅವಳ ರಕ್ತಸಂಬಂಧಿಗಳಲ್ಲೂ ಇದೆಯೇ ನೋಡಲು, ರಕ್ತ ತೆಗೆಯುವವನೊಬ್ಬನನ್ನು ಕರೆದುಕೊಂಡು ಪಟ್ಟಣದಿಂದ ಬಂದಿದ್ದರು.

೧

ಅವಳ ತಾಯಿ ರಾಮದುರ್ಗದಿಂದ, ತಂಗಿ ಕಿತ್ತೂರಿನಿಂದ, ಅಣ್ಣ ಬೈಲಹೊಂಗಲದಿಂದ ಬಂದು ಜಮಖಾನೆಯ ಮೇಲೆ ಕುಳಿತರು. ಪಕ್ಕದ ಮನೆಯಾಕೆಯೂ ತೋಳು ಚಾಚಿದಳು. ಐದು ವರ್ಷದಿಂದ ನನ್ನ ಹೆಂಡತಿಯ ಮೊಣಕಾಲಿಗೆ ಎಣ್ಣೆ ತಿಕ್ಕುವವಳು ಆಕೆ. ಡಾಕ್ಟರು ನಿಮ್ಮದು ಬೇಡ ಎಂದರು. ಆಕೆ ಒಳಗೆ ಹೋಗಿ ಎಲ್ಲರಿಗೂ ಚಹಾ ಮಾಡಿ ತಂದಳು. ರಕ್ತ ಕೊಟ್ಟವರ ಕಪ್ಪಿಗೆ ಮಾತ್ರ ಸಕ್ಕರೆ ಬಿದ್ದಿರಲಿಲ್ಲ.

೨

ನನ್ನದೂ ಬೇಡವೆಂದರು, ಗಂಡ ರಕ್ತಸಂಬಂಧಿಯಲ್ಲ. ಮೂರು ವರ್ಷಕ್ಕೊಮ್ಮೆ ಮುಖ ತೋರಿಸುವ ಅವಳ ಅಣ್ಣ ಅಂಗಿಯ ತೋಳು ಮಡಚುತ್ತಿದ್ದ. ನಾನು ಪೇಪರ್ ಓದುತ್ತ ಕುಳಿತೆ, ಒಂದೇ ಸಾಲನ್ನು ನಾಲ್ಕು ಸಲ.

ಅವಳ ತಾಯಿಗೆ ತಡೆಯಲಾಗಲಿಲ್ಲ. "ಸಾಹೇಬ್ರ, ಅಂವಂದೂ ತಗೋರಿ. ಅಂವ ನನ್ನ ತಮ್ಮ ಅದಾನ."

"ಅಳಿಯ ಅಂದ್ರಲ್ಲ?"

"ತಮ್ಮಗ ಮಗಳನ್ನ ಕೊಟ್ಟೇನ್ರಿ."

ಡಾಕ್ಟರು ಬರೆದಿದ್ದ ವಂಶವೃಕ್ಷವನ್ನು ಅಳಿಸಿ ತಿದ್ದುವಷ್ಟರಲ್ಲಿ ಕಾಗದ ಹರಿಯಿತು. ಅಷ್ಟರಲ್ಲಿ ನಾನು ಅವಳ ಅಣ್ಣನಿಗಿಂತ ಮುಂದೆ ಕುಳಿತಿದ್ದೆ.

೩

ಎರಡು ತಿಂಗಳಿಗೆ ಪತ್ರ ಬಂತು. ಗುರುತು ಹೆಂಡತಿಯ ರಕ್ತದಲ್ಲಿ ಧಾರಾಳ. ಯಾವ ಬೇನೆಯೂ ಇಲ್ಲದ ತಂಗಿಯಲ್ಲೂ ಸ್ವಲ್ಪ. ಉಳಿದ ಮೂವರಲ್ಲಿ ಇಲ್ಲ. ಸಮಾಧಾನಪಡಬೇಕಾದ ಸುದ್ದಿ. ಅತ್ತೆಯೂ ಆದ ನಮ್ಮ ಅಕ್ಕ ಮಾತ್ರ ಮುನಿಸಿಕೊಂಡಳು. "ಹಡದಾಕಿ ನಾ. ನನ್ನ ರಕ್ತದಾಗ ಇಲ್ಲಂದ್ರ ಹ್ಯಾಂಗ?" ನನಗೂ ಹಾಗೇ ಅನಿಸಿತು. ಕಿತ್ತೂರಿನವಳು ಒಬ್ಬಳೇ ಪಾಸಾದವಳಂತೆ ಓಡಾಡಿದಳು.

೪

ಪಕ್ಕದ ಮನೆಯಾಕೆ ಜೂನ್‌ನ ಆ ದಿನವೇ ಬೆರಳಿಗೆ ಹತ್ತಿ ಸುತ್ತಿಕೊಂಡು ಓಣಿಯಲ್ಲಿ ತಿರುಗಿದ್ದಳು. ಬಸ್ ಸ್ಟ್ಯಾಂಡಿನಲ್ಲಿ ಆ ಸೂಜಿಯವನು ತನ್ನ ರಕ್ತವನ್ನೂ ತೆಗೆದನಂತೆ. ದುಡ್ಡೆಷ್ಟು ಕೊಟ್ಟ ಎಂದು ಯಾರು ಕೇಳಿದರೂ ನಗುತ್ತಿದ್ದಳು. ನಮಗೆ ಒಂದು ಪೈಸೆಯನ್ನೂ ಕೊಟ್ಟಿರಲಿಲ್ಲ. ಎರಡು ತಿಂಗಳು ಹೊಟ್ಟೆ ಉರಿಯಿತು.

ಪತ್ರ ಬಂದ ದಿನ, ಅದರಲ್ಲಿ ತನ್ನ ಹೆಸರಿದೆಯೇ ಎಂದು ಕೇಳಿದಳು. ಇರಲಿಲ್ಲ. ಎಣ್ಣೆ ತಿಕ್ಕತೊಡಗಿದಳು. ಕೊನೆಗೆ ಹೆಂಡತಿಯೇ ಬಾಯಿ ಬಿಡಿಸಿದಳು. "ಅಕ್ಕಾ, ಖರೇ ಹೇಳು. ಸೂಜಿಯಾಂವ ನಿನಗ ಎಷ್ಟ್ ಕೊಟ್ಟ?"

"ಅಂವೇನ್ ಕೊಡತಾನ, ತಂಗಿ. ನನಗೂ ಒಂದ್ ಚುಚ್ಚಂತ ನಾನ ಅವಗ ಕೊಟ್ಟೆ, ಒಂದ್ ರೂಪಾಯಿ."