ಷಡ್ಡಕ, ಹಂಡೆ ಮತ್ತು ಚನ್ನಗಿರಿ ಬಸ್ಸು

ನನ್ನ ಷಡ್ಡಕರು, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಮನೆಯಿಂದ ಹೊರಟರೆಂದರೆ ಯಾವ ಊರು ತಲುಪುತ್ತಾರೆಂಬುದು ಬಸ್ಸಿನ ಡ್ರೈವರಿಗೂ ಗೊತ್ತಿರುವುದಿಲ್ಲ! ಇದು ನಾನು ಕಟ್ಟಿದ ಮಾತಲ್ಲ. ಗೋವಿನಕೋವಿಯ ನಮ್ಮ ಮಾವನವರ ಮನೆಯಲ್ಲಿ ಸರ್ವಾನುಮತದಿಂದ ಒಪ್ಪಿಕೊಂಡ ಮಾತು. ಅಣ್ಣ (ನಾನು ಅವರನ್ನು ಕರೆಯುವುದು ಹಾಗೆಯೇ) ಜಗಳೂರಿನ ಪಕ್ಕದ ಹಳ್ಳಿಯಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಬಸ್ಸಿನಲ್ಲಿ ಪಕ್ಕದವನ ಊರು ಯಾವುದು, ಬೀಗರು ಯಾರು, ಎಮ್ಮೆ ಎಷ್ಟು ಹಾಲು ಕೊಡುತ್ತದೆ ಎಂದೆಲ್ಲ ವಿಚಾರಿಸಿ, ಕೊನೆಗೆ ಅವನು ತಮಗೆ ಸಂಬಂಧಿಯೇ ಎಂದು ಸಾಬೀತು ಮಾಡದೆ ಬಿಡುವವರಲ್ಲ. ಸಂಬಂಧ ಸಿಕ್ಕ ಮೇಲೆ ಅವನ ಊರಲ್ಲಿ ಇಳಿದು ಕಾಫಿ ಕುಡಿಯದಿದ್ದರೆ ಹೇಗೆ?

ಇಂಥವರ ಜೊತೆ ನನಗೆ ಮೊದಲ ದೀಪಾವಳಿಗೆ ಮಾವನ ಮನೆಗೆ ಹೋಗುವ ಯೋಗ ಬಂತು. ಎಂಬತ್ತರ ದಶಕದ ಶುರು. ನಾನು ಜಗಳೂರಿನಲ್ಲಿ ಗುಮಾಸ್ತ. ಮದುವೆಯಾಗಿ ಆರು ತಿಂಗಳು. ಅಷ್ಟರಲ್ಲೇ ಹೆಂಡತಿಯ ಹತ್ತಿರ ನನ್ನ ಹೆಸರು ಕೆಟ್ಟಿತ್ತು. ನಾಗರ ಪಂಚಮಿಗೆ ಆಕೆಯನ್ನು ಮುಂಚೆಯೇ ತವರಿಗೆ ಕಳಿಸಿ, ಹಬ್ಬದ ದಿನ ಬರುತ್ತೇನೆಂದು ಹೇಳಿ, ದಾವಣಗೆರೆಯಲ್ಲಿ ಗೆಳೆಯರ ಜೊತೆ ಸಿನಿಮಾಕ್ಕೆ ಕೂತು ಬಸ್ಸು ತಪ್ಪಿಸಿಕೊಂಡಿದ್ದೆ. ಬಸ್ಸು ಹೇಗೂ ತಪ್ಪಿತಲ್ಲ ಎಂದು ಮುಂದಿನ ಆಟವನ್ನೂ ನೋಡಿದ್ದೆ! ಆಕೆ ಮುಡಿ ತುಂಬ ಹೂ ಮುಡಿದು ಬಾಗಿಲಲ್ಲೇ ನಿಂತಿದ್ದಳಂತೆ. ಬೀದಿಯ ಹೆಂಗಸರೆಲ್ಲ "ಎಲ್ಲವ್ವಾ ನಿನ್ ಗಂಡ?" ಎಂದು ಕೇಳಿಕೊಂಡೇ ಹೋದರಂತೆ. ಆಮೇಲೆ ನನ್ನ ಅಂಗಿ ಒಗೆಯುವಾಗ ಆಕೆಗೆ ಜೇಬಿನಲ್ಲಿ ಸಿನಿಮಾದ ಎರಡು ಹರಿದ ಅರ್ಧ ಟಿಕೆಟ್ಟು ಸಿಕ್ಕವು. ಅವನ್ನು ನನ್ನ ಮುಂದಿಟ್ಟು ಮತ್ತೆ ಒಗೆಯಲು ಹೋದಳು. ದೀಪಾವಳಿಗೆ ತವರಿಗೆ ಹೊರಡುವಾಗ ಮಾತ್ರ ಬಸ್ಸಿನ ಕಿಟಕಿಯಿಂದ ಹೇಳಿದಳು:

"ನೀರು ತುಂಬೋ ಹಬ್ಬದ ದಿನ ದೀಪ ಹಚ್ಚೋದ್ರೊಳಗೆ ಬರ್ರಿ. ಆ ಹೆಂಗಸ್ರ ಮುಂದೆ ಇನ್ನೊಂದ್ಸಲ ನಿಲ್ಲಾಕೆ ನನ್ ಕೈಲಿ ಆಗಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಆ ಮೆಲುದನಿ ಎಂಟು ದಿನ ನನ್ನ ಬೆನ್ನು ಬಿಡಲಿಲ್ಲ.

ಹಾಗಾದರೆ ಅಣ್ಣನನ್ನು ಬಿಟ್ಟು ಒಬ್ಬನೇ ಹೋಗಬಹುದಿತ್ತಲ್ಲ ಎನ್ನುತ್ತೀರಾ? ಅದೆಲ್ಲಿ ಸಾಧ್ಯ! ಆ ಮನೆಯಲ್ಲಿ ಹಿರಿಯಳಿಯನ ತಲೆಗೆ ಎಣ್ಣೆ ಬೀಳದೆ ಕಿರಿಯಳಿಯನ ತಲೆಗೆ ಬೀಳುವಂತಿಲ್ಲ. ಸಾಲದ್ದಕ್ಕೆ, ಎಣ್ಣೆಸ್ನಾನದ ಮುನ್ನಾದಿನ, ನೀರು ತುಂಬುವ ಹಬ್ಬದ ಸಂಜೆ ತೊಳೆದು, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು, ನೀರು ತುಂಬಿಸಿಡಬೇಕಾದ ತಾಮ್ರದ ಹಂಡೆಯೇ ಅಣ್ಣನ ಹತ್ತಿರ ಇತ್ತು. ಯುಗಾದಿಗೆ ಹೋದಾಗ ತಳ ಸೋರುತ್ತಿದ್ದುದನ್ನು ನೋಡಿ, "ಜಗಳೂರಾಗೆ ನನಗೆ ಗೊತ್ತಿರೋನು ಒಬ್ಬ ಅದಾನೆ, ಬೆಸುಗೆ ಹಾಕಿಸ್ಕಂಡು ಬರ್ತೀನಿ" ಎಂದು ಹೊತ್ತು ತಂದವರು, ತಿಂಗಳುಗಟ್ಟಲೆ ಅತ್ತೆಯವರನ್ನು ಸೀಮೆಎಣ್ಣೆ ಡಬ್ಬಿಯಲ್ಲಿ ನೀರು ಕಾಯಿಸುವ ಹಾಗೆ ಮಾಡಿದ್ದರು.

ನೀರು ತುಂಬುವ ದಿನ ಬೆಳಿಗ್ಗೆ ಏಳಕ್ಕೆ ಜಗಳೂರಿನ ಬಸ್‌ಸ್ಟ್ಯಾಂಡಿಗೆ ಅಣ್ಣ ಬಂದರು. ತಲೆಯ ಮೇಲೆ ಹಂಡೆ. ಹಂಡೆಯೊಳಗೆ ಚಕ್ಕುಲಿ, ಪಂಚೆ, ಛತ್ರಿ, ಅತ್ತೆಗೆ ಸೀರೆ. ಕಂಡಕ್ಟರು ಬಸ್ಸಿನ ಮೇಲೆ ಹಾಕಿ ಎಂದರೆ, "ಸೊಟ್ಟ ಆದ್ರೆ ನಮ್ಮತ್ತೆಗೆ ನೀವು ಉತ್ರ ಹೇಳ್ತೀರಾ?" ಎಂದು ತೊಡೆಯ ಮೇಲೇ ಇಟ್ಟುಕೊಂಡು ಕೂತರು. ಸ್ವಲ್ಪ ಹೊತ್ತಿಗೆ ಅದರೊಳಗೆ ಯಾರದೋ ಮಗುವೊಂದು ಕೂತು ಚಕ್ಕುಲಿ ತಿನ್ನುತ್ತಿತ್ತು. ಮಗುವಿನ ತಾಯಿ ಆಗಲೇ ಅಣ್ಣನಿಗೆ ತಂಗಿಯ ವರಸೆಯಾಗಿದ್ದಳು!

ಗೋವಿನಕೋವಿಗೆ ಹೋಗಲು ದಾವಣಗೆರೆಯಲ್ಲಿ ಹೊನ್ನಾಳಿ ಬಸ್ಸು ಹಿಡಿಯಬೇಕು. ಅಲ್ಲಿ ಜನವೋ ಜನ. ಮಾವನವರು ಮದುವೆಯಲ್ಲಿ ಕೊಟ್ಟ ವಾಚು ಹತ್ತೂವರೆ ತೋರಿಸುತ್ತಿತ್ತು. ಒಂದು ಬಸ್ಸು ಒಳಗೆ ಬರುತ್ತಿದ್ದ ಹಾಗೆ 'ಹೊನ್ನಾಳಿ' ಎಂಬ ಬೋರ್ಡು ನೋಡಿದವನೇ ಓಡಿ, ಕಿಟಕಿಯಿಂದ ನನ್ನ ಟವೆಲ್ ಎಸೆದು ಇಬ್ಬರ ಸೀಟು ಹಿಡಿದೆ. ಟವೆಲ್ ಬಿದ್ದ ಮೇಲೆ ಸೀಟು ನಮ್ಮದು, ಇದು ನಮ್ಮ ಕಡೆಯ ಕಾನೂನು. ಹಂಡೆಯ ಸಮೇತ ಅಣ್ಣನನ್ನು ಒಳಗೆ ತಳ್ಳಿದೆ.

"ತಮ್ಮಾ, ಒಂದ್ಸಲ ಕೇಳಾನ ತಡಿ, ಈ ಬಸ್ಸು..."

"ನೀವು ಕೇಳಾಕೆ ಶುರು ಮಾಡಿದ್ರೆ ನಾಳೆ ಆಗುತ್ತೆ ಅಣ್ಣಾರೆ! ಬಾಯಿ ಮುಚ್ಕಂಡು ಕುಂತ್ಕಳ್ರಿ!"

ಹಿರಿಯರಿಗೆ ಹಾಗೆ ಅನ್ನಬಾರದಿತ್ತು. ಅಂದುಬಿಟ್ಟೆ. ಅಣ್ಣ ಬಾಯಿ ಮುಚ್ಚಿಕೊಂಡು ಕೂತರು. ಅವರ ಜೀವನದಲ್ಲೇ ಮೊದಲ ಸಲ ಪಕ್ಕದವನ ಊರನ್ನೂ ಕೇಳಲಿಲ್ಲ. ಕೇಳಿದ್ದರೆ ನಾವು ಪಾರಾಗುತ್ತಿದ್ದೆವು!

ಆ ನೂಕುನುಗ್ಗಲಿನಲ್ಲಿ ಕಂಡಕ್ಟರು ನಮ್ಮ ಸೀಟು ಮುಟ್ಟುವ ಹೊತ್ತಿಗೆ ಸಂತೇಬೆನ್ನೂರು ದಾಟಿತ್ತು.

"ಎರಡು ಹೊನ್ನಾಳಿ."

"ಹೊನ್ನಾಳಿಯಿಂದ ಬಂದಿದ್ದು ಸ್ವಾಮಿ, ಬೋರ್ಡು ತಿರುಗಿಸಿರಲಿಲ್ಲ. ಇದು ಚನ್ನಗಿರಿಗೆ ಹೋಗೋದು."

ನಾನು ಅಣ್ಣನ ಕಡೆ ತಿರುಗಿ, "ನಿಮಗೆ ದಾರಿ ಗೊತ್ತಿತ್ತಲ್ಲ, ಹೇಳಬಾರದಾ?" ಎಂದು ಕಿರುಚಿದೆ.

"ನೀನೇ ಬಾಯಿ ಮುಚ್ಕಂಡು ಕುಂತ್ಕ ಅಂದೆಲ್ಲಪ್ಪ" ಎಂದರು. ಸಿಟ್ಟಿನಿಂದಲ್ಲ, ಮೇಷ್ಟ್ರ ಮಾತು ಕೇಳುವ ಹುಡುಗನ ಹಾಗೆ.

ಚನ್ನಗಿರಿ ಮುಟ್ಟಿದಾಗ ಒಂದೂವರೆ. ಹಬ್ಬದ ದಿನ, ಅರ್ಧ ಬಸ್ಸುಗಳೇ ಇಲ್ಲ. ನಾನು ಬಾಯಿಗೆ ಬಂದ ಹಾಗೆ ಅಂದೆ. ನಿಮ್ಮಿಂದಲೇ ಹೀಗಾಯಿತು, ನಿಮ್ಮ ಹಂಡೆಯನ್ನು ಕೆರೆಗೆ ಎಸೆಯಿರಿ, ನನ್ನ ಸಂಸಾರ ಹಾಳಾಯಿತು ಎಂದೆ. ಅಣ್ಣ ಎಲ್ಲವನ್ನೂ ಕೇಳಿ, "ಈಗ ಬಾಯಿ ತೆಗೀಲಾ?" ಎಂದರು. ತೆಗೆದವರೇ ಎದುರಿನ ಹೋಟೆಲಿನವನ ಹತ್ತಿರ ಹೋಗಿ, ಅವನ ಚಿಕ್ಕಪ್ಪನ ಬೀಗರನ್ನು ಪತ್ತೆ ಹಚ್ಚಿ, ಹತ್ತು ನಿಮಿಷದಲ್ಲಿ ಬಸವಾಪಟ್ಟಣಕ್ಕೆ ಹೊರಟಿದ್ದ ಲಾರಿಯೊಂದನ್ನು ನಿಲ್ಲಿಸಿದರು! ಬಸವಾಪಟ್ಟಣದಲ್ಲಿ ಮತ್ತೆ ಒಂದು ಗಂಟೆ ಕಾದೆವು. ಅಲ್ಲಿಬ್ಬರು ಬಂದು ಹಂಡೆಯ ರೇಟು ಕೇಳಿದರು. ಕೊಟ್ಟುಬಿಡಿ ಎಂದು ನಾನು ಹೇಳಿದ್ದಂತೂ ನಿಜ.

ಹೊನ್ನಾಳಿಗೆ ಬಂದಾಗ ಐದೂ ಕಾಲು. ಬಸ್ಸಿಲ್ಲ. ಗೋವಿನಕೋವಿಯ ಒಬ್ಬರು ಮೋಟಾರ್ ಸೈಕಲ್ಲಿನಲ್ಲಿ ಹೊರಟಿದ್ದರು. ಹಿಂದೆ ಒಬ್ಬರಿಗೆ ಜಾಗ.

"ನೀನು ಹೋಗು ತಮ್ಮಾ. ಆ ಹುಡುಗಿ ಕಾಯ್ತಿರ್ತಾಳೆ. ನಾನು ಹಂಡೆ ತಗಂಡು ಹೆಂಗೋ ಬರ್ತೀನಿ" ಎಂದರು ಅಣ್ಣ.

ಎರಡನೇ ಸಲ ಹೇಳಿಸಿಕೊಳ್ಳದೆ ಹತ್ತಿ ಕೂತೆ. ಗಾಡಿ ಅರ್ಧ ಫರ್ಲಾಂಗು ಹೋದ ಮೇಲೆ ಹಿಂತಿರುಗಿ ನೋಡಿದೆ. ರಸ್ತೆಯ ನಡುವೆ ಹಂಡೆಯ ಪಕ್ಕದಲ್ಲಿ ನಿಂತು ಅವರು ಕೈ ಬೀಸುತ್ತಿದ್ದರು. ಪ್ರೀತಿ ಉಕ್ಕಿ ಇಳಿದೆ ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ನೆನಪಾಗಿದ್ದು ಹಿರಿಯಳಿಯನ ಎಣ್ಣೆ! ಇಳಿದು ವಾಪಸ್ಸು ನಡೆದೆ. ಅಣ್ಣ ಅಷ್ಟರಲ್ಲಿ ಹುಲ್ಲು ತುಂಬಿದ ಟ್ರ್ಯಾಕ್ಟರಿನವನಿಗೆ ಮಾವನಾಗಿದ್ದರು. ಹುಲ್ಲಿನ ಮೇಲೆ ನಾನು, ಅಣ್ಣ, ಹಂಡೆ. ಹೊತ್ತು ಮುಳುಗುವುದನ್ನು ಅಷ್ಟು ಸಂಕಟದಿಂದ ನಾನು ಮತ್ತೆಂದೂ ನೋಡಿಲ್ಲ.

ಬೀದಿಯ ತುಂಬ ದೀಪ ಹಚ್ಚಿಯಾಗಿತ್ತು. ಮಾವನವರು ಕಟ್ಟೆಯ ಮೇಲೆ ಕೂತಿದ್ದರು. ಬಾಗಿಲಲ್ಲಿ ನನ್ನ ಹೆಂಡತಿ ಇರಲಿಲ್ಲ. ಇದೆಲ್ಲ ಇವರಿಂದಲೇ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಹಂಡೆ ಇಳಿಸಿ ಹೇಳಿದರು:

"ತಪ್ಪು ನಂದೇ ಮಾವ. ಇವನು ಇದು ಹೊನ್ನಾಳಿ ಬಸ್ಸಲ್ಲ ಅಂತ ಬಡ್ಕಂಡ. ನಾನೇ ಕೇಳದೆ ಚನ್ನಗಿರಿ ಬಸ್ಸಿಗೆ ಟವೆಲ್ ಹಾಕಿದೆ."

"ನಿನ್ ಬುದ್ಧಿ ನನಗೆ ಗೊತ್ತಿಲ್ವಾ! ಪಂಚಮಿಗೂ ನೀನೇ ಅಲ್ವಾ ಇವನ್ನ ಬೇರೆ ಬಸ್ಸಿಗೆ ಹತ್ತಿಸಿದ್ದು? ನೀನೇ ಬಂದು ಹೇಳಿದ್ದೆಯಲ್ಲ!" ಎಂದು ಮಾವನವರು ಅಣ್ಣನನ್ನು ಬೈದರು.

ಪಂಚಮಿಯ ದಿನ ನಾನು ಸಿನಿಮಾ ನೋಡುತ್ತಾ ಕೂತಿದ್ದಾಗ, ಇವರು ಇಲ್ಲಿ ನನ್ನ ಪಾಲಿನ ಬೈಗುಳ ತಿಂದಿದ್ದರು! ಒಳಗಿನಿಂದ ಹೆಂಡತಿ ಹೊರಗೆ ಬಂದಳು. ನನ್ನನ್ನು ನೋಡಿದಳು, ಅಣ್ಣನನ್ನು ನೋಡಿದಳು. ಆ ಅರ್ಧ ಟಿಕೆಟ್ಟುಗಳು ಗೊತ್ತಿದ್ದದ್ದು ಆಕೆಗೊಬ್ಬಳಿಗೇ. ಹಂಡೆಗೆ ನೀರು ತರಲು ಕೊಡ ಎತ್ತಿಕೊಂಡಳು.

ಮರುದಿನ ಬೆಳಿಗ್ಗೆ ಮಣೆಯ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ಅತ್ತೆಯವರು ಎಣ್ಣೆ ಹಚ್ಚಿದರು. ಅತ್ತೆ ಹಂಡೆಯ ಕಡೆ ಹೋದಾಗ ಪಿಸುಗುಟ್ಟಿದೆ: "ನಾನು ಮಾವನಿಗೆ ನಿಜ ಹೇಳಿಬಿಡ್ತೀನಿ ಅಣ್ಣಾರೆ."

"ಬಾಯಿ ಮುಚ್ಕಂಡು ಕುಂತ್ಕ ತಮ್ಮಾ" ಎಂದರು ಅಣ್ಣ, ತಲೆಯಿಂದ ಎಣ್ಣೆ ಸುರಿಸಿಕೊಳ್ಳುತ್ತಾ. "ನನಗೆ ಬೈಸ್ಕಂಡು ರೂಢಿ ಐತೆ. ನೀನು ಹೊಸಬ. ನಿನಗೆ ಬೈದ್ರೆ ಒಳಗೆ ಆ ಹುಡುಗಿ ಅಳ್ತಾಳೆ."

ನಾನು ಬಾಯಿ ಮುಚ್ಚಿಕೊಂಡು ಕೂತೆ. ಎಷ್ಟೋ ವರ್ಷ ಕೂತೆ. ಮಾವನವರು ತೀರಿಕೊಂಡರು. ಈಗಲೂ ದೀಪಾವಳಿಗೆ ಎಲ್ಲರೂ ಸೇರಿದಾಗ ಮೊಮ್ಮಕ್ಕಳು ಚನ್ನಗಿರಿ ಬಸ್ಸಿನ ಕತೆ ಹೇಳಿಸಿಕೊಂಡು ಅಣ್ಣನನ್ನು ನೋಡಿ ನಗುತ್ತಾರೆ. ಎಲ್ಲರಿಗಿಂತ ಜೋರಾಗಿ ನಗುವವರು ಅಣ್ಣನೇ. ಅವರ ಹೆಸರಿಗೆ ಅಂಟಿದ ದಾರಿ ತಪ್ಪಿದ ಕತೆಗಳಲ್ಲಿ ಇನ್ನೆಷ್ಟು ಯಾರ ಯಾರವೋ ಎಂದು ನಾನು ಯೋಚಿಸುತ್ತಾ ಕೂರುತ್ತೇನೆ. ನನ್ನದೊಂದನ್ನಾದರೂ ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಆ ಬಸ್ಸಿಗೆ ಟವೆಲ್ ಹಾಕಿದ್ದು ನಾನು.