ನಾನು ಒಣಗಿಸಿದ ದೋಣಿ

ಭಾನುವಾರ, ಬೆಳಿಗ್ಗೆ ಆರು ಗಂಟೆ ಐದು ನಿಮಿಷ. ನಯಾಪೈಸೆ ಚಲಾವಣೆಗೆ ಬಂದ ಮರುವರ್ಷ, ಸಂಕ್ರಾಂತಿ ಕಳೆದು ಬಂದ ಮೊದಲ ಭಾನುವಾರ. ಗುಂಡ್ಲುಪೇಟೆಯ ನಮ್ಮ ಮನೆಯ ಹಿತ್ತಲಿನಲ್ಲಿ ಹಾಜರಿದ್ದವರು ನಾನು, ನನ್ನ ಹೆಂಡತಿ ಗೌರಮ್ಮ ಮತ್ತು ಬಡಗಿ ಪುಟ್ಟಾಚಾರಿ. ಚಪ್ಪರದ ಕೆಳಗೆ ಒಂದು ದೋಣಿ. ಐದು ನಿಮಿಷ ತಡವಾದದ್ದು ಪುಟ್ಟಾಚಾರಿಯಿಂದ. ಅದನ್ನು ಅವನಿಗೆ ಹೇಳಿದ್ದೂ ಆಯಿತು.

ನಿವೃತ್ತನಾದ ಹೆಡ್‌ಮಾಸ್ತರನಿಗೆ ಒಂದು ಕಷ್ಟವಿದೆ, ಪಿಂಚಣಿಯ ಕಾಗದಪತ್ರಗಳಲ್ಲಿ ಅದನ್ನು ಯಾರೂ ಬರೆದಿರುವುದಿಲ್ಲ. ಗಂಟೆ ಹೊಡೆಸುವ ಅಭ್ಯಾಸ ಉಳಿದಿರುತ್ತದೆ. ಹೊಡೆಸಿದರೆ ಎದ್ದು ನಿಲ್ಲುವವರು ಮಾತ್ರ ಇರುವುದಿಲ್ಲ. ನಾನು ಮೊದಮೊದಲು ನುಗ್ಗೆಮರದ ನೀರಿಗೆ, ಎಮ್ಮೆಯ ಮೇವಿಗೆ, ಕೊನೆಗೆ ಅಡುಗೆಮನೆಗೂ ವೇಳಾಪಟ್ಟಿ ಹಾಕಿ ನೋಡಿದೆ. ನುಗ್ಗೆಮರ ಲಕ್ಷ್ಯ ಕೊಡಲಿಲ್ಲ. ಎಮ್ಮೆ ತನಗೆ ಅನುಕೂಲವಾದಷ್ಟನ್ನು ಒಪ್ಪಿಕೊಂಡಿತು. ಅಡುಗೆಮನೆಯ ಪಟ್ಟಿ ಮಾರನೆಯ ದಿನ ಒಲೆ ಹೊತ್ತಿಸಲು ಉಪಯೋಗವಾಯಿತು. ನಾನು ಹೀಗೆ ಕೆಲಸವಿಲ್ಲದೆ ಕೆಟ್ಟು ಕೂತಿದ್ದಾಗ ದೋಣಿ ಬಂತು.

ಅದು ಗೌರಮ್ಮನ ತಂದೆಯದು. ಕಪಿಲಾ ನದಿಯ ಆಚೆ ದಡದಲ್ಲಿದ್ದ ಗದ್ದೆಗೆ ಅವರು ಅದರಲ್ಲೇ ಹೋಗಿಬರುತ್ತಿದ್ದರಂತೆ, ಇಬ್ಬರು ಹೆಣ್ಣುಮಕ್ಕಳನ್ನೂ ಅಡ್ಡಹಲಗೆಯ ಮೇಲೆ ಕೂರಿಸಿಕೊಂಡು. ಅವರು ತೀರಿಹೋಗಿ ಎಷ್ಟೋ ವರ್ಷಗಳ ಮೇಲೆ, ದೋಣಿ ಕೊಟ್ಟಿಗೆಯಲ್ಲಿ ಸುಮ್ಮನೆ ಜಾಗ ಹಿಡಿದಿದೆ, ಒಡೆದು ಸೌದೆ ಮಾಡುತ್ತೇನೆ ಎಂದು ನನ್ನ ಭಾವಮೈದ ಕಾಗದ ಬರೆದ. ಗೌರಮ್ಮ ಕಾಗದವನ್ನು ಮಡಿಸಿಟ್ಟು, "ಅದು ನಂಗೆ ಬೇಕು" ಎಂದಳು. ನಲವತ್ತು ವರ್ಷದ ಸಂಸಾರದಲ್ಲಿ ಅವಳು ಬೇಕು ಎಂದದ್ದೆಲ್ಲ ಉಪ್ಪು, ಬೇಳೆ, ಸೀಮೆಎಣ್ಣೆ. ತನಗೆ ಎಂದು ಕೇಳಿದ್ದು ಅದೇ ಮೊದಲು. ಈರುಳ್ಳಿ ಇಳಿಸಿ ಖಾಲಿ ಬರುತ್ತಿದ್ದ ಲಾರಿಯೊಂದರಲ್ಲಿ ದೋಣಿ ನಮ್ಮ ಬಾಗಿಲಿಗೆ ಬಂತು. ಚಾಮರಾಜನಗರದಲ್ಲಿದ್ದ ಅವಳ ತಂಗಿ ನಂಜಮ್ಮನಿಗೆ ಕಾಗದ ಹೋಯಿತು: ಹಬ್ಬ ಕಳೆದ ಭಾನುವಾರ ಬಾ, ಅಪ್ಪನ ದೋಣಿಯಲ್ಲಿ ನಮ್ಮೂರ ಕೆರೆಯಲ್ಲಿ ಒಂದು ಸುತ್ತು ಹೋಗೋಣ. ಅಷ್ಟರೊಳಗೆ ದೋಣಿಯನ್ನು ಸರಿಮಾಡುವ ಹೊಣೆ ನನ್ನದು. ಕೈಯಲ್ಲಿ ಆರು ವಾರವಿತ್ತು.

ದೋಣಿಯ ವಿಷಯ ನನಗೆ ಏನೂ ಗೊತ್ತಿರಲಿಲ್ಲ. ಆದರೆ ಗೊತ್ತಿಲ್ಲದ್ದನ್ನು ಅಚ್ಚುಕಟ್ಟಾಗಿ ಮಾಡುವುದು ನನಗೆ ಚೆನ್ನಾಗಿ ಗೊತ್ತಿತ್ತು. ಮರವನ್ನು ಹಾಳುಮಾಡುವುದು ತೇವ; ಆದ್ದರಿಂದ ಮೊದಲು ದೋಣಿಯಲ್ಲಿರುವ ತೇವವೆಲ್ಲ ಹೋಗಬೇಕು. ಬೆಳಿಗ್ಗೆ ಎಂಟಕ್ಕೆ ಬಿಸಿಲಿಗೆ, ಹನ್ನೆರಡಕ್ಕೆ ಮಗುಚಿ ಹಾಕುವುದು, ನಾಲ್ಕಕ್ಕೆ ಮತ್ತೆ ಚಪ್ಪರದ ಕೆಳಗೆ. ಮೋಡ ಕಂಡರೆ ಮನೆಯವರೆಲ್ಲ ಓಡಿ ಬರತಕ್ಕದ್ದು. ಗೌರಮ್ಮ, "ಅಪ್ಪನ್ ದೋಣೀನ ಹಪ್ಳ ಮಾಡ್ಬುಟ್ರಲ್ಲ!" ಎನ್ನುತ್ತ ಬಂದು ಒಂದು ಕೊನೆ ಹಿಡಿಯುತ್ತಿದ್ದಳು. ಪುಟ್ಟಾಚಾರಿ ನನ್ನ ಹಳೆಯ ಶಿಷ್ಯ. ಎತ್ತಿನ ಗಾಡಿ, ಬಾಗಿಲು, ತೊಟ್ಟಿಲು ಮಾಡುವುದರಲ್ಲಿ ಎತ್ತಿದ ಕೈ. ಉಪ್ಪುಕಾಗದ ಹಿಡಿದು ಹಲಗೆಗಳನ್ನೆಲ್ಲ ಕನ್ನಡಿಯಂತೆ ಉಜ್ಜಿದ. ಸಂದುಗಳಿಗೆ ಹತ್ತಿನೂಲು ತುರುಕಿ, ರಾಳಕ್ಕೆ ಎಣ್ಣೆ ಕಲಸಿ ಮೆತ್ತಿದ. ವಿಚಿತ್ರವೆಂದರೆ ಒಂದು ಸಂದು ಮುಚ್ಚಿದರೆ ಪಕ್ಕದಲ್ಲಿ ಎರಡು ಬಾಯಿ ಬಿಡುತ್ತಿದ್ದವು. ಮೊದಲ ವಾರ ಪೋಸ್ಟ್ ಕಾರ್ಡು ಹೋಗುತ್ತಿದ್ದ ಕಡೆ ಮೂರನೆಯ ವಾರ ಬಳಪ ಹೋಯಿತು. ಇನ್ನೂ ಸಾಲದು ಎಂದುಕೊಂಡು ನಾನು ಬಿಸಿಲಿನ ಅವಧಿಯನ್ನು ಒಂದು ಗಂಟೆ ಹೆಚ್ಚಿಸಿದೆ. ಆಗೆಲ್ಲ ಪುಟ್ಟಾಚಾರಿ ಏನೋ ಹೇಳುವವನಂತೆ ತಲೆ ಕೆರೆದುಕೊಳ್ಳುತ್ತಿದ್ದ. ಹೇನಿರಬೇಕೆಂದು ನಾನು ಅವನಿಗೆ ಬೇವಿನೆಣ್ಣೆಯನ್ನು ಸೂಚಿಸಿದೆ.

ಬಣ್ಣದ್ದು ಇನ್ನೊಂದು ಕತೆ. ನಮ್ಮೂರಿನಲ್ಲಿ ದೋಣಿಗೆ ಬಣ್ಣ ಬಳಿಯುವವರು ಇಲ್ಲ, ಲಾರಿಗೆ ಬಳಿಯುವವರು ಬೇಕಾದಷ್ಟು ಜನ ಇದ್ದಾರೆ. ಅವರಲ್ಲೊಬ್ಬ ಬಂದು ಎರಡು ಕೈ ನೀಲಿ ಬಳಿದು, ಹಿಂಭಾಗದಲ್ಲಿ ಎರಡು ಗಿಣಿ, ನಡುವೆ ಒಂದು ಕಮಲ, ಅದರ ಕೆಳಗೆ "ದಯವಿಟ್ಟು ಹಾರ್ನ್ ಮಾಡಿ" ಎಂದು ದುಂಡಗೆ ಬರೆದ. ಇದೇನಯ್ಯಾ ಎಂದರೆ, "ಇಂದ್ಗಡೆ ಖಾಲಿ ಬುಟ್ರೆ ಬೋಳ್‌ಬೋಳಾಗಿ ಕಾಣ್ತದೆ ಮೇಷ್ಟ್ರೇ" ಎಂದ. ನಮ್ಮ ಕೆರೆಯಲ್ಲಿ ಹಿಂದಿನಿಂದ ಬರಬಹುದಾದದ್ದು ಎಮ್ಮೆ ಮಾತ್ರ. ಅಕ್ಷರಗಳಲ್ಲಿ ತಪ್ಪಿರಲಿಲ್ಲವಾದ್ದರಿಂದ ಹಾಗೇ ಬಿಟ್ಟೆ.

ಆ ಭಾನುವಾರ ಒಂಬತ್ತರ ಬಸ್ಸಿಗೆ ನಂಜಮ್ಮ ಬಂದಳು. ಐದು ಗಂಟೆಯ ಬಸ್ಸಿಗೆ ವಾಪಸ್ಸು ಹೋಗಬೇಕು. ದೋಣಿಯ ಅಡ್ಡಹಲಗೆಯನ್ನು ಎರಡು ಸಲ ಸವರಿ, "ನಾನು ಈ ಕಡೆ, ನೀನು ಆ ಕಡೆ ಕಣಕ್ಕ" ಎಂದಳು. ಹತ್ತಕ್ಕೆ ಎತ್ತಿನ ಗಾಡಿಯಲ್ಲಿ ಹೇರಿ, ಹತ್ತೂವರೆಗೆ ಕೆರೆಗೆ ಇಳಿಸಿದೆವು. ದೋಣಿ ತೇಲಿತು. ನಾನು ಗಡಿಯಾರ ನೋಡಿಕೊಂಡೆ. ಇನ್ನೊಂದು ಸಲ ನೋಡಿಕೊಳ್ಳುವುದರೊಳಗೆ ಪ್ರತಿ ಸಂದಿನಿಂದಲೂ ನೀರು ಒಸರಿತು, ಆಮೇಲೆ ಚಿಮ್ಮಿತು. ಅಕ್ಕತಂಗಿಯರು ಸೆರಗು ಸಿಕ್ಕಿಸಿಕೊಂಡು ಹತ್ತಲು ನಿಂತಿದ್ದಂತೆಯೇ, ಅವರಪ್ಪನ ದೋಣಿ ಯಾವ ಗಲಾಟೆಯನ್ನೂ ಮಾಡದೆ ಅಂಚಿನವರೆಗೆ ತುಂಬಿಕೊಂಡಿತು. ನೀರಿನ ಮೇಲೆ ಉಳಿದದ್ದು ಎರಡು ಗಿಣಿ.

ಗೌರಮ್ಮ ಸಿಕ್ಕಿಸಿಕೊಂಡಿದ್ದ ಸೆರಗನ್ನು ಬಿಚ್ಚಿ ಹೊದ್ದುಕೊಂಡಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ನಾನು ಪುಟ್ಟಾಚಾರಿಯ ಕಡೆ ತಿರುಗಿ ಗುಡುಗಿದೆ: "ಏನಯ್ಯಾ ಇದು?"

"ಒಣಗ್ಬುಟ್ಟದೆ ಮೇಷ್ಟ್ರೇ. ಬ್ಯಾಸ್ಗೇಲಿ ಗಾಡಿ ಚಕ್ರ ಸಡ್ಲಾದ್ರೆ ಏನ್ ಮಾಡ್ತೀವಿ? ಕೆರೇಲಿ ಮುಳುಗ್ಸಿ ಮಡಗ್ತೀವಿ. ಮರ ನೀರ್ ಕುಡುದು ಉಬ್ಕತದೆ, ಸಂದು ತಾನೇ ಮುಚ್ಕತದೆ. ನೀವು ಆರ್ ವಾರ ಬಿಸ್ಲಿಗಾಕುದ್ರಿ."

"ಮೊದಲೇ ಬಾಯಿ ಬಿಡೋಕೆ ಏನಾಗಿತ್ತು?"

ಅವನು ಕೈಕಟ್ಟಿ ನಿಂತ. "ಮೇಷ್ಟ್ರ ಮಾತು ಮುಗಿಯಗಂಟ ಬಾಯ್ ತಗೀಬಾರ್ದು ಅಂತ ನೀವೇ ಅಲ್ವ್ರಾ ಕಲ್ಸಿದ್ದು? ಆರ್ ವಾರದಿಂದ ಕಾಯ್ತಾವ್ನಿ. ಮುಗೀನೇ ಇಲ್ಲ."

ನಂಜಮ್ಮ ನಗಲು ಶುರುಮಾಡಿದಳು. "ಅಕ್ಕ, ಅಪ್ಪ ಬೇಸಿಗೇಲಿ ದೋಣೀನ ಮುಳುಗಿಸಿಡ್ತಿತ್ತಲ್ಲ, ಯಾರೂ ಕದೀದಿರ್ಲಿ ಅಂತ ತಿಳ್ಕೊಂಡಿದ್ವಲ್ಲೇ!"

"ಹೌದು ಕಣೇ!" ಎಂದು ಗೌರಮ್ಮನೂ ನಕ್ಕಳು. ನನಗೆ ಹೋದ ಜೀವ ಬಂದಂತಾಯಿತು.

ಮರ ಎಷ್ಟು ದಿನ ನೆನೆಯಬೇಕು ಎಂದು ಕೇಳಿದೆ. ನಾಲ್ಕೈದು ದಿನ, ಅದೂ ಅಂಚಿನವರೆಗೆ ಪೂರ್ತಿ ಮುಳುಗಿರಬೇಕು, ಮೇಲೆ ಭಾರ ಹೇರಬೇಕು, ಕಲ್ಲು ತರುತ್ತೇನೆ ಎಂದು ಪುಟ್ಟಾಚಾರಿ ಗಾಡಿ ಹೊಡೆದುಕೊಂಡು ಹೋದ. ಊಟ ಮುಗಿಸಿ ಬಂದರೂ ಕಲ್ಲಿನ ಸುಳಿವಿಲ್ಲ. ನಾಲ್ಕೂವರೆಗೆ ನಾನು ಬಸ್ಸಿನ ವಿಷಯ ಎತ್ತಿದೆ.

"ಹೋಗ್ಲಿ ಬುಡಿ ಭಾವ. ನಾನು ಇದ್ರಲ್ಲಿ ತೇಲಿದ್ ಮೇಲೇ ಊರಿಗೆ ಹೋಗೋದು" ಎಂದ ನಂಜಮ್ಮ, ಅಕ್ಕನ ಕೈ ಹಿಡಿದು ನೀರಿಗೆ ಇಳಿದೇಬಿಟ್ಟಳು. "ಕಲ್ಲು ಯಾಕೆ? ನಾವಿಲ್ವಾ?"

ಇಬ್ಬರೂ ಹೋಗಿ ಅಡ್ಡಹಲಗೆಯ ಮೇಲೆ, ಅವಳು ಈ ಕಡೆ, ಇವಳು ಆ ಕಡೆ, ಸೊಂಟದವರೆಗೆ ನೀರಿನಲ್ಲಿ ಕೂತರು. ದೋಣಿ ಒಂದು ಗೇಣು ಇಳಿಯಿತು. ಗಿಣಿಗಳು ಇನ್ನೂ ಕೊರಳು ಎತ್ತಿಕೊಂಡಿದ್ದವು.

"ಹಿಂದ್ಗಡೆ ಭಾರ ಸಾಲ್ದು. ನೀವೂ ಬನ್ರೀ" ಎಂದಳು ಗೌರಮ್ಮ.

ನಾನು ಗಡಿಯಾರ ಬಿಚ್ಚಿ ದಡದಲ್ಲಿಟ್ಟು, ಹಿಂಭಾಗದಲ್ಲಿ ಹೋಗಿ ಕೂತೆ. ದೋಣಿ ಮೆತ್ತಗೆ ಕೆಸರಿನ ಮೇಲೆ ತಂಗಿತು. ಹಲಗೆಯ ಸಂದುಗಳಿಂದ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಮುಂದೆ ಐವತ್ತು ದಾಟಿದ ಇಬ್ಬರು ಹೆಂಗಸರು ಇಲ್ಲದ ಹುಟ್ಟನ್ನು ಹಾಕುತ್ತ, ಇಲ್ಲದ ಗದ್ದೆಗೆ ಹೋಗುತ್ತ ಜಗಳವಾಡುತ್ತಿದ್ದರು. ನನಗೆ ಅಲ್ಲಿ ಕೂರುವುದನ್ನು ಬಿಟ್ಟು ಬೇರೆ ಕೆಲಸವಿರಲಿಲ್ಲ. ಆ ಕೆಲಸವನ್ನು ಚೆನ್ನಾಗಿಯೇ ಮಾಡಿದೆ ಎಂದು ಇಬ್ಬರೂ ಹೇಳಿದರು. ಕಲ್ಲಿನ ಗಾಡಿ ಬರುವ ತನಕ ಒಂದು ಗಂಟೆ ಹತ್ತು ನಿಮಿಷ ಹಾಗೇ ಇದ್ದೆವು.

ದಡಕ್ಕೆ ಬಂದು ನನ್ನ ಪಂಚೆಯ ಚುಂಗುಗಳನ್ನು ಜೋಡಿಸಿ ಒಂದು ಕಡೆಯಿಂದ ಕ್ರಮವಾಗಿ ಹಿಂಡತೊಡಗಿದೆ. ಇನ್ನೂ ಎರಡು ಸುತ್ತು ಬಾಕಿಯಿತ್ತು.

"ಸಾಕು ಭಾವ" ಎಂದಳು ನಂಜಮ್ಮ. "ಪೂರ್ತಿ ಒಣಗಿಸ್ಕೋಬೇಡಿ, ಬಿರುಕು ಬಿಟ್ಟೀರಿ."

ಸಂಜೆ ಆರು ಗಂಟೆ ಹತ್ತು ನಿಮಿಷ. ಪಂಚೆ ಹಿಂಡಿದ್ದಾಯಿತು, ಅರ್ಧಂಬರ್ಧ.