ನಮ್ಮ ಕಾಕಾ ಕಟ್ಟಿದ ಸಭಾಗೃಹ

ಎರಡು ವರ್ಷಗಳಲ್ಲಿ ನಮ್ಮ ಕಾಕಾ ನಡೆಸಿದಷ್ಟು ಸಭೆಗಳನ್ನು ಈ ದೇಶದಲ್ಲಿ ಇನ್ನಾರೂ ನಡೆಸಿರಲಿಕ್ಕಿಲ್ಲ. ಅವುಗಳಲ್ಲಿ ಒಂದರಲ್ಲಿಯೂ ಅವರು ಭಾಷಣ ಮಾಡಿದವರಲ್ಲ, ಅಲ್ಲಿ ಆಡಿದ ಮಾತು ಅವರಿಗೆ ತಿಳಿದದ್ದೂ ಅನುಮಾನ, ಅದು ಬೇರೆ ಮಾತು! ಓದಿದ್ದು ಕನ್ನಡ ನಾಲ್ಕನೆಯ ಇಯತ್ತೆ. ಕೆಲಸ ಮುದ್ದೇಬಿಹಾಳದ ಹತ್ತಿ ಗಿರಣಿಯಲ್ಲಿ ಅಂಡಿಗೆ, ಅಂದರೆ ಹತ್ತಿಯ ದೊಡ್ಡ ಮೂಟೆ, ತೂಗಿಸುವುದು. ಇಂಥವರ ತಲೆಯಲ್ಲಿ ವಿಶ್ವವಿದ್ಯಾಲಯ ಹೊಕ್ಕರೆ ಏನಾಗುತ್ತದೆ ಎಂಬುದನ್ನು ನೀವು ನೋಡಬೇಕಿತ್ತು.

ಆಗಿನ್ನೂ ನಮ್ಮೂರಲ್ಲಿ ಕಾಲೇಜು ಇರಲಿಲ್ಲ. ಹೊಸದಾಗಿ ಹುಟ್ಟಿದ್ದ ವಿಶ್ವವಿದ್ಯಾಲಯವೋ, ಆಲಮಟ್ಟಿಯ ತನಕ ಬಸ್ಸು, ಅಲ್ಲಿಂದ ರೈಲು, ಒಟ್ಟು ಒಂದು ಇಡೀ ದಿನದ ದಾರಿ. ಅಲ್ಲಿಯವರು ಆಗಾಗ ತಾಲೂಕಿನ ಊರುಗಳಿಗೆ ಪ್ರಾಧ್ಯಾಪಕರನ್ನು ಕಳಿಸಿ ಉಪನ್ಯಾಸ ಮಾಡಿಸುತ್ತಿದ್ದರು. ಮೊದಲ ಸಲ ಬಂದವರು ನಮ್ಮ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಒಂದು ಮಾತು ಹೇಳಿದರು: ಜನ ಚೆನ್ನಾಗಿ ಕೂಡುವುದಾದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕರಲ್ಲಿ ಒಂದು ಊರಿಗೆ ವಿಶ್ವವಿದ್ಯಾಲಯವೇ ಒಂದು ಸಭಾಗೃಹ ಕಟ್ಟಿಕೊಡಬಹುದು, ಅಲ್ಲಿ ವರ್ಷವಿಡೀ ಪರಿಷತ್ತು, ಪಾಠ ಎಲ್ಲ ನಡೆಯಬಹುದು. ಹೇಳಿದವರು ಬಸ್ಸು ಹತ್ತುವುದರೊಳಗೆ ಅದನ್ನು ಮರೆತಿರಬೇಕು. ಕಾಕಾ ಮರೆಯಲಿಲ್ಲ.

ನಾನು ಆಗ ಮ್ಯಾಟ್ರಿಕ್ ಪಾಸಾಗಿ ಮನೆಯಲ್ಲಿ ಕೂತಿದ್ದೆ. ಹೆಣ್ಣುಮಗಳನ್ನು ಪರವೂರಿನಲ್ಲಿ ಬಿಡುವ ಮಾತೇ ಇಲ್ಲ ಎಂದು ಅಪ್ಪ ಹೇಳಿ ಮುಗಿಸಿದ್ದರು. ರೊಟ್ಟಿ ಬಡಿಯುವುದು, ವರ ಬರುವ ದಾರಿ ನೋಡುವುದು, ಇವೆರಡೇ ಉದ್ಯೋಗ. ವರ ಬರುವ ಲಕ್ಷಣವಂತೂ ಕಾಣಲಿಲ್ಲ, ಸಭಾಗೃಹ ನಮ್ಮೂರಿಗೇ ಕೊಡಿ ಎಂದು ವಿಶ್ವವಿದ್ಯಾಲಯಕ್ಕೆ ಕಾಕಾನ ಅರ್ಜಿ ಬರೆಯುವ ಕೆಲಸ ಮಾತ್ರ ದಿನಾ ಬರತೊಡಗಿತು.

"ಬರಿ. ಮೊದಲ ನಮ್ಮ ಸಭಾದ ಇತಿಹಾಸ. ಆಮ್ಯಾಲ ಭವಿಷ್ಯ," ಎಂದರು ಕಾಕಾ.

"ಕಾಕಾ, ಸಭಾ ಆಗಿದ್ದು ಬರೇ ಎರಡು. ಅದರಾಗ ಇತಿಹಾಸ ಏನೈತಿ?"

"ಆಗಿ ಹೋತಲ್ಲ? ಆಗಿ ಹೋದದ್ದೆಲ್ಲಾ ಇತಿಹಾಸನ. ಬರಿ."

ಬರೆದೆ. ಆ ಇತಿಹಾಸದ ಪ್ರಕಾರ ಮೊದಲ ಸಭೆ ನಡೆದದ್ದು ಚಾವಡಿಯ ಮುಂದಿನ ಬೇವಿನ ಗಿಡದ ಕೆಳಗೆ. ಡಂಗುರ ಹೊಡೆಸಿದ್ದಕ್ಕೆ ಬಂದವರು ಹನ್ನೊಂದು ಜನ, ಅದರಲ್ಲಿ ನಾಲ್ವರು ನೆರಳಿಗಾಗಿ ಮೊದಲೇ ಅಲ್ಲಿ ಮಲಗಿದ್ದವರು. ಎರಡನೆಯದು ಹತ್ತಿ ಗಿರಣಿಯ ಗೋದಾಮಿನಲ್ಲಿ. ಪ್ರಾಧ್ಯಾಪಕರು ಕರಿಯ ಕೋಟು, ಕರಿಯ ಕೂದಲು ಹೊತ್ತು ಮಾತಿಗೆ ನಿಂತರು. ಗುಪ್ತರ ಕಾಲದ ಆಡಳಿತ ಮುಗಿಯುವ ಹೊತ್ತಿಗೆ ಹತ್ತಿಯ ಎಳೆ ಕೂತು ತಲೆ, ಮೀಸೆ, ಹುಬ್ಬು ಎಲ್ಲ ಬೆಳ್ಳಗಾಗಿದ್ದವು. ತಡವಾಗಿ ಬಂದ ಒಬ್ಬ ಮುದುಕ ಅವರನ್ನು ನೋಡಿ, "ಪಾಪ, ಎಷ್ಟ ವರ್ಷದಿಂದ ಮಾತಾಡಾಕತ್ತಾರ?" ಎಂದು ಕೇಳಿದ!

ಕುರ್ಚಿಗಳದು ಇನ್ನೊಂದು ಕಥೆ. ಸಭೆಗೆ ತರುವಂಥ ಕುರ್ಚಿಗಳು ಊರಿನಲ್ಲಿ ಇದ್ದವೇ ಏಳು, ಏಳೂ ಬೇರೆ ಬೇರೆ ಮನೆಯವು. ಕುರ್ಚಿ ಕೊಟ್ಟವರು ಕುರ್ಚಿಯ ಹಿಂದೆಯೇ ಬಂದು ಅದರಲ್ಲಿ ಕೂಡುವುದು ಪದ್ಧತಿ. ಪರರ ಕುರ್ಚಿಯಲ್ಲಿ ಕೂಡುವುದೆಂದರೆ ಪರರ ಹೊಲದಲ್ಲಿ ನೇಗಿಲು ಹೂಡಿದಂತೆ! ಹೀಗಾಗಿ ಏಳು ಜನ ಕೂತರು, ಪ್ರಾಧ್ಯಾಪಕರು ನಿಂತರು. ಭಾಷಣ ಮುಗಿದ ಮೇಲೂ ನಿಂತೇ ಇದ್ದರು. ಕಡೆಗೆ ಕಾಕಾ ಒಂದು ಹತ್ತಿ ಅಂಡಿಗೆ ಉರುಳಿಸಿ ತಂದು, ಮೇಲೆ ಜಮಖಾನೆ ಹಾಸಿ, "ಇದು ಯಾರದೂ ಅಲ್ರಿ, ಕೂಡ್ರಿ," ಎಂದರು.

ಇನ್ನು ಭವಿಷ್ಯ. ಸಭಾಗೃಹದ ನಕ್ಷೆಯನ್ನು ಕಾಕಾ ಇದ್ದಿಲಿನಿಂದ ಪಡಸಾಲೆಯ ಗೋಡೆಯ ಮೇಲೆ ಬರೆದರು, ನಾನು ಕಾಗದಕ್ಕೆ ಇಳಿಸಿದೆ. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಅಡುಗೆಮನೆ. ಆಮೇಲೆ ಬಂಡಿ ಬಿಡುವ ಜಾಗ, ಎತ್ತುಗಳಿಗೆ ನೀರಿನ ದೋಣಿ, ಹೆಣ್ಣುಮಕ್ಕಳಿಗೆ ಬೇರೆ ಬಾಗಿಲು, ಸಭೆ ಇಲ್ಲದ ದಿನ ಜೋಳ ಒಣಗಿಸಲು ಸಪಾಟಾದ ಮಾಳಿಗೆ.

"ಕಾಕಾ, ಭಾಷಣ ಮಾಡೋರು ಎಲ್ಲಿ ನಿಂದ್ರೂದು?"

ಕಾಕಾ ಗೋಡೆಯನ್ನು ಬಹಳ ಹೊತ್ತು ನೋಡಿ, ಅಡುಗೆಮನೆಯಿಂದ ಒಂದು ಗೇಣು ಅಳಿಸಿ, "ಇಲ್ಲಿ," ಎಂದರು. ನಕ್ಷೆ ನೋಡಿದವರು ನಕ್ಕರು. ಬಟ್ಟೆ ಅಂಗಡಿಯ ಲಾಲಸಾಬ ಕಾಕಾನ ಜೀವದ ಗೆಳೆಯ, ಅವನೂ ಬಿಡಲಿಲ್ಲ.

"ಇಂಡಿಗೆ ರೈಲು ಐತಿ. ಬಾಗೇವಾಡಿಗೆ ಹೆಸರಿನ್ಯಾಗ ಬಸವ ಅದಾನ. ಸಿಂದಗಿಯವರು ಬಾಯಿ ಮಾಡಿ ತರತಾರ. ನಮಗೇನೈತೋ?"

"ನಮ್ಮಲ್ಲಿ ಕೇಳೋ ಮಂದಿ ಅದಾರ."

"ಹನ್ನೊಂದು!"

ಆಮೇಲೆ ಸಭೆಗಳು ಹತ್ತಾರು ಆದವು, ಜನ ಮಾತ್ರ ಹೆಚ್ಚಲಿಲ್ಲ. ಅರ್ಜಿಗಳ ಕಾಟ ತಾಳಲಾರದೆಯೋ ಏನೋ, ಎರಡನೆಯ ವರ್ಷ ವಿಶ್ವವಿದ್ಯಾಲಯದಿಂದ ಉತ್ತರ ಬಂದಿತು. ಇಬ್ಬರು ಪ್ರಾಧ್ಯಾಪಕರು ನಾಲ್ಕೂ ಊರಿಗೆ ಬರುತ್ತಾರೆ. ಹಿರಿಯರು ನಕ್ಷತ್ರಗಳ ಬಗ್ಗೆ ಉಪನ್ಯಾಸ ಮಾಡುತ್ತಾರೆ, ಜೊತೆಗಿನ ತರುಣರು ಎಷ್ಟು ಜನ ಕೂಡಿದರು, ಎಷ್ಟು ಹೊತ್ತು ಕೂತರು ಎಂದು ಬರೆದುಕೊಳ್ಳುತ್ತಾರೆ. ಸಭಾಗೃಹದ ತೀರ್ಮಾನ ಆಮೇಲೆ. ಪತ್ರ ಕೇಳಿದ ಕಾಕಾನಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ನನ್ನನ್ನು ಕರೆದರು.

"ಡಂಗುರ ಹೊಡದ್ರ ಮಂದಿ ಕೇಳತಾರ, ಬರೂದಿಲ್ಲ. ಅದಽ ಮಂದಿ ಮದುವಿಗೆ ಯಾಕ ಬರತಾರ?"

"ಮನಿಗೆ ಹೋಗಿ ಅಕ್ಷತಿ ಕೊಟ್ಟು ಕರೀತಾರ, ಅದಕ್ಕ."

"ಹಂ!" ಎಂದರು ಕಾಕಾ.

ಆ 'ಹಂ' ನನ್ನ ಕುತ್ತಿಗೆಗೆ ಬರುತ್ತದೆಂದು ನನಗೇನು ಗೊತ್ತು? ಅಪ್ಪ ವ್ಯಾಪಾರಕ್ಕೆಂದು ವಿಜಾಪುರಕ್ಕೆ ಹೋಗಿದ್ದರು. ಕಾಕಾ ಅರಿಶಿನ ಹಚ್ಚಿದ ಅಕ್ಕಿ ಕಟ್ಟಿಕೊಂಡು ಮೂರು ದಿನ ಮನೆ ಮನೆ ತಿರುಗಿದರು. "ವಿಶ್ವವಿದ್ಯಾಲಯದವರು ಬರ್ತಾರ, ಮನಿಮಂದಿ ಎಲ್ಲಾ ಬರಬೇಕ್ರಿ, ಊಟಾನೂ ಐತಿ," ಎಂದು ಪ್ರಾಮಾಣಿಕವಾಗಿಯೇ ಹೇಳಿದರು. ಆದರೆ ಕೈಯಲ್ಲಿ ಅಕ್ಷತೆ ಬಿದ್ದ ಮೇಲೆ ಮಾತು ಯಾರಿಗೆ ಬೇಕು? ನಮ್ಮ ಮನೆಯಲ್ಲಿ ಮದುವೆಗೆ ಬಂದ ಹುಡುಗಿ ಇದ್ದವಳು ನಾನೊಬ್ಬಳೇ. ವಿಶ್ವವಿದ್ಯಾಲಯದವರು ಎಂದರೆ ಬೀಗರು ಎಂದು ಊರು ತಿಳಿದುಕೊಂಡಿತು!

ಆ ದಿನ ಗೋದಾಮು ಸಾಲಲಿಲ್ಲ. ಜನ ಬಂದರು, ಬಂಡಿ ಕಟ್ಟಿಕೊಂಡು ಹಳ್ಳಿಗಳಿಂದಲೂ ಬಂದರು. ಬರಿಗೈಯಲ್ಲಿ ಬರಲಿಲ್ಲ. ಮದುವೆಗೆ ಹೋದವರು ಬಟ್ಟೆಯ ಉಡುಗೊರೆ ಕೊಟ್ಟು ಆಯೇರಿ ಮಾಡಬೇಕಲ್ಲ? ಹಿರಿಯರು ನಕ್ಷತ್ರಗಳ ಹುಟ್ಟನ್ನು ಹೇಳಲು ಬಾಯಿ ತೆಗೆದರು. ಅಷ್ಟರಲ್ಲಿ ಗೌಡರೊಬ್ಬರು ಎದ್ದು ಬಂದು ಅವರ ತಲೆಗೆ ಜರದ ಪಟಕಾ ಸುತ್ತಿದರು. ಆಯೇರಿ ಬಂದರೆ ಹೆಸರು ಕೂಗುವವರು ಬೇಕೇ ಬೇಕು. ಲಾಲಸಾಬನಿಗೆ ತನ್ನ ಅಂಗಡಿಯ ಬಟ್ಟೆ ಕಂಡ ಹುರುಪು, ತಾನೇ ಎದ್ದು ನಿಂತ.

"ಗೌಡರ ಕಡಿಂದ ಒಂದು ಜರದ ಪಟಕಾ! ಶೆಟ್ಟರ ಕಡಿಂದ ಒಂದು ಜೋಡು ಧೋತರ!"

ಬರೆದುಕೊಳ್ಳಲು ಬಂದ ತರುಣರ ಗತಿ ಇನ್ನೂ ಕಷ್ಟ. ಮದುಮಗ ಅವರೇ ಎಂದು ತೀರ್ಮಾನವಾಗಿತ್ತು. ನನ್ನ ಹಿಂದೆ ಕೂತಿದ್ದ ಹೆಣ್ಣುಮಕ್ಕಳು ಅವರನ್ನು ಅಳೆದು ತೂಗಿ, "ಹುಡುಗ ಸ್ವಲ್ಪ ಸಣಕಲ ಅದಾನ. ಇರ್ಲಿ, ನಮ್ಮ ರೊಟ್ಟಿ ತಿಂದ್ರ ತುಂಬತಾನ," ಎಂದರು. ಒಬ್ಬಾಕೆ ನನ್ನ ಬೆನ್ನು ತಿವಿದು, "ಮದುಮಗಳಾಗಿ ಇಲ್ಲಿ ಯಾಕ ಕುಂತೀಯ?" ಎಂದು ಕೇಳಿದಳು. ನೆಲ ಬಿರಿಯಬಾರದೇ ಎನ್ನಿಸಿತು!

ಕಡೆಗೆ ಕಾಕಾ ಕೈಮುಗಿದು, ಇಲ್ಲಿ ಮದುವೆ ಇಲ್ಲ, ನಕ್ಷತ್ರ ಮಾತ್ರ ಇದೆ ಎಂದು ಲಾಲಸಾಬನ ಬಾಯಿಯಿಂದ ಕೂಗಿಸಿದರು. ಯಾರೂ ಏಳಲಿಲ್ಲ. ಅಕ್ಷತೆ ಹಿಡಿದು ಬಂದವರು ಊಟ ಮಾಡದೆ ಏಳುವುದುಂಟೇ? ಗೋದಾಮಿನ ಹಿಂದೆ ಗೋದಿ ಹುಗ್ಗಿ ಕುದಿಯುತ್ತಿತ್ತು. ಹಿರಿಯರು ಪಟಕಾ ಸುತ್ತಿಕೊಂಡೇ ಎರಡು ತಾಸು ಮಾತಾಡಿದರು, ಊರು ಉಸಿರು ಹಿಡಿದು ಕೇಳಿತು. ಹೋಗುವಾಗ ಅವರು ಕಾಕಾನ ಕೈ ಹಿಡಿದು, "ಇಂಥ ಸಭೆ ನಾನು ಕಂಡಿಲ್ಲ," ಎಂದರು. ಅದು ಸುಳ್ಳಾಗಿರಲಿಕ್ಕಿಲ್ಲ.

ವಿಜಾಪುರದಿಂದ ಮರಳಿದ ಅಪ್ಪನನ್ನು ಬಸ್ ನಿಲ್ದಾಣದಲ್ಲಿಯೇ ನಾಲ್ಕು ಜನ ಮಗಳ ಮದುವೆಯ ಬಗ್ಗೆ ಕೇಳಿದರಂತೆ. ಮನೆಗೆ ಬಂದವರೇ ಅಪ್ಪ ತಮ್ಮನ ಕೂಡ ಮಾತು ಬಿಟ್ಟರು. ಕಾಕಾ ಅದನ್ನೂ ಲೆಕ್ಕಕ್ಕೆ ಹಿಡಿಯಲಿಲ್ಲ. ದಿನಾ ಪೋಸ್ಟ್ ಆಫೀಸಿಗೆ ಹೋಗಿ, "ಬಂತೇನ್ರಿ?" ಎಂದು ಕೇಳಿ ಬರುತ್ತಿದ್ದರು.

ಒಂದು ತಿಂಗಳ ಮೇಲೆ ಬಂದಿತು. ಕಟ್ಟೆಯ ಮೇಲೆ ಕೂತು ನಾನೇ ಓದಿದೆ. ನಿಮ್ಮ ಜನರ ಆದರವನ್ನು ಮರೆಯಲಾರೆವು. ಆದರೆ ಸಭಾಗೃಹವನ್ನು ನಾಲ್ಕೂ ಊರುಗಳಲ್ಲಿ ಎಲ್ಲಿಯೂ ಕಟ್ಟದೆ, ವಿಶ್ವವಿದ್ಯಾಲಯದ ಆವರಣದಲ್ಲಿಯೇ ಕಟ್ಟಬೇಕೆಂದು ನಿರ್ಧಾರವಾಗಿದೆ. ಇಷ್ಟೇ ಇತ್ತು.

ಸಮಾಧಾನ ಹೇಳಬೇಕೆಂದು ನಾನು ನಕ್ಕೆ. "ಹೋಗ್ಲಿ ಬಿಡು ಕಾಕಾ. ಇಂಡಿಯವರಿಗೂ ಸಿಗಲಿಲ್ಲಲ್ಲ."

"ಇಂಡಿಗೆ ಸಿಕ್ಕಿದ್ರ ನಡೀತಿತ್ತವ್ವಾ," ಎಂದರು ಕಾಕಾ. "ಇಂಡ್ಯಾಗ ನಿಮ್ಮ ಸೋದರತ್ತಿ ಮನಿ ಐತಿ. ಅಲ್ಲಿದ್ದು ಓದಾಕ ನಿಮ್ಮಪ್ಪ ಬ್ಯಾಡ ಅಂತಿರಲಿಲ್ಲ."

ನನ್ನ ಕೈಯಲ್ಲಿ ಪತ್ರ ಹಾಗೆಯೇ ಉಳಿಯಿತು. ಎರಡು ವರ್ಷ ನಾನು ನಕ್ಕಿದ್ದೆ, ಊರೆಲ್ಲ ನಕ್ಕಿತ್ತು. ಈ ಮನುಷ್ಯನಿಗೆ ಸಭೆಯೂ ಬೇಕಿರಲಿಲ್ಲ, ಭಾಷಣವೂ ಬೇಕಿರಲಿಲ್ಲ. ಹುಡುಗಿ ಕಾಲೇಜಿಗೆ ಹೋಗಲಾರಳೆಂದು ಕಾಲೇಜನ್ನೇ ಮನೆಯ ಬಾಗಿಲಿಗೆ ತರಲು ಹೊರಟಿದ್ದರು. ನನಗೆ ಅಳು ಬಂದಿತು. ಅಲ್ಲಿಯೇ ಅತ್ತುಬಿಟ್ಟೆ.

ನಮ್ಮ ಮನೆಯಲ್ಲಿ ತಮ್ಮಂದಿರು ಅಣ್ಣನ ಎದುರು ಕೂತು ಮಾತಾಡುವ ರೂಢಿ ಇರಲಿಲ್ಲ. ಮರುದಿನ ಮುಂಜಾನೆ ಅಪ್ಪ ರೊಟ್ಟಿ ಮುರಿಯುತ್ತಿದ್ದಾಗ ಕಾಕಾ ಬಂದು ಅವರ ಎದುರಿಗೇ ಕೂತರು. ಅವ್ವ ಗಾಬರಿಯಾಗಿ ಒಲೆ ಬಿಟ್ಟು ಎದ್ದಳು.

"ಅಣ್ಣಾ, ಎರಡು ವರ್ಷ ಕಾಲೇಜ್ ಇಲ್ಲಿಗೆ ತರಾಕ ನೋಡಿದೆ. ನನ್ನ ಕೈಲೆ ಆಗಲಿಲ್ಲ. ಇನ್ನ ಹುಡುಗಿನ್ನ ಅಲ್ಲಿಗೆ ಕಳಸೂಣು. ಬೈಯೂದಿದ್ರ ನನ್ನ ಬೈ, ಅಕಿನ್ನ ತಡೀಬ್ಯಾಡ."

ಅಪ್ಪ ತಮ್ಮ ತಟ್ಟೆಯ ರೊಟ್ಟಿಯನ್ನು ಅರ್ಧ ಮುರಿದು ತಮ್ಮನ ಮುಂದೆ ಸರಿಸಿದರು. "ಉಣ್ಣು. ಯಾವತ್ತ ಹೋಗಬೇಕಂತ ಕೇಳು ಅಕಿನ್ನ."

ಜೂನ್ ತಿಂಗಳಲ್ಲಿ ಕಾಕಾ ನನ್ನ ಟ್ರಂಕನ್ನು ಹೆಗಲ ಮೇಲೆ ಹೊತ್ತು ಬಸ್ಸಿಗೆ ಏರಿಸಿದರು. ಇಳಿದು ಕಿಟಕಿಯ ಹತ್ತಿರ ನಿಂತರು. ಬಸ್ಸು ಹೊರಟಾಗ ನಾಲ್ಕು ಹೆಜ್ಜೆ ಜೊತೆಗೆ ಓಡಿ ಬಂದು ಕೂಗಿದರು.

"ಮುಂದಿನ ಸಾಲಿನ್ಯಾಗ ಕೂಡವ್ವಾ! ಹಿಂದ ಕುಂತ್ರ ಕೇಳೂದಿಲ್ಲ!"

ನಾಲ್ಕು ವರ್ಷ ನಾನು ಮುಂದಿನ ಸಾಲಿನಲ್ಲಿಯೇ ಕೂತೆ.